ಪುಸ್ತಕದಲ್ಲಿ ಹಾಗಿಲ್ಲ

ಹತ್ತಿ ಗಿರಣಿಯ ಮಾಲೀಕರನ್ನು ಕೊಂದವನು ಅವರ ತಮ್ಮ. ನಾನು ಗಿರಣಿಯ ಕಾವಲುಗಾರ, ಕಣ್ಣಾರೆ ಕಂಡಿದ್ದೆ. ಆದರೂ ಹನ್ನೆರಡು ವರ್ಷ ಜೈಲಿನಲ್ಲಿ ಕಳೆದವನು ನಾನು.

ಬಿಡುಗಡೆಯಾದ ಮೇಲೆ ಒಬ್ಬ ಕಾದಂಬರಿಕಾರರು ಬಂದು, ಆರು ದಿನ ನನ್ನ ಜೊತೆ ಕೂತು ಎಲ್ಲವನ್ನೂ ಕೇಳಿಕೊಂಡರು. ಅಚ್ಚಾದ ಪುಸ್ತಕವನ್ನು ತಾವೇ ತಂದುಕೊಟ್ಟು, "ನೀ ಹೇಳಿದ್ಹಂಗ ಬರದೀನಿ. ಇನ್ನ ನಿನ್ನ ಹೆಸರಿಗೆ ಕಳಂಕಿಲ್ಲ" ಅಂದರು. ನನಗೆ ಸಹಿ ಮಾಡುವಷ್ಟೇ ಅಕ್ಷರ ಬರುತ್ತದೆ. ಪುಸ್ತಕವನ್ನು ದೇವರ ಗೂಡಿನಲ್ಲಿಟ್ಟೆ. ಓದಿದವರು ದಾರಿಯಲ್ಲಿ ನನ್ನನ್ನು ಕಂಡರೆ ತಲೆ ತಗ್ಗಿಸಿ ಹೋಗುತ್ತಿದ್ದರು. ಪಾಪ, ಪಶ್ಚಾತ್ತಾಪ ಎಂದುಕೊಂಡೆ.

ಕೊಲೆಗಾರನ ಮಗಳು ಅನ್ನಿಸಿಕೊಂಡೇ ಬೆಳೆದ ನನ್ನ ಮಗಳು ಮಾತ್ರ ಅದನ್ನು ಮುಟ್ಟಲಿಲ್ಲ. ಪುಸ್ತಕ ಸಿನಿಮಾ ಆದಾಗ, "ಒಂದ ಸಲ ನೋಡವ್ವಾ, ಆಮ್ಯಾಲ ಬೇಕಾದ್ರ ಬಯ್ಯಿ" ಎಂದು ಕಾಡಿ ಬೇಡಿ ಕರೆದೊಯ್ದೆ.

ಪರದೆಯ ಮೇಲೆ ಮಾಲೀಕರ ಕುತ್ತಿಗೆಗೆ ಹಗ್ಗ ಬಿಗಿದವನು ಕಾವಲುಗಾರ. ಜನ ಸಿಳ್ಳೆ ಹೊಡೆದರು.

ಮಗಳು ಎದ್ದು ಹೊರಗೆ ನಡೆದಳು. ನಾನು ಹಿಂದೆಯೇ ಓಡಿದೆ.

"ಸಿನಿಮಾದವ್ರು ಕತಿ ಕೆಡಿಸ್ಯಾರವ್ವಾ! ಪುಸ್ತಕದಾಗ ಹಂಗಿಲ್ಲ."

"ನೀ ಓದೀಯೇನು?"

"ಬರದವ್ರ ಬಾಯಿಲೇ ಕೇಳೀನಿ. ತಗೋ, ನೀನ ಓದು."

ದೇವರ ಗೂಡಿನಿಂದ ಚೀಲಕ್ಕೆ ಹಾಕಿ ತಂದಿದ್ದ ಪುಸ್ತಕವನ್ನು ತೆಗೆದುಕೊಟ್ಟೆ. ಟಿಕೆಟ್ ಕಿಟಕಿಯ ಬೆಳಕಿನಲ್ಲಿ ನಿಂತು ಅವಳು ಕೊನೆಯ ಹಾಳೆಗಳನ್ನು ನಿಧಾನವಾಗಿ ಓದಿದಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ.

"ಸಿನಿಮಾದವ್ರನ್ನ ಬಯ್ಯಬ್ಯಾಡ" ಅಂದಳು. "ಇದರಾಗೂ ನೀನ ಕೊಂದೀಯಪ್ಪಾ."