ಕಣ್ಣಿನೊಳಗಿನ ಬಿಳಿ ಚೌಕ

ಮಗುವನ್ನು ಫೋಟೋ ಸ್ಟುಡಿಯೋದ ದೀಪದ ಕೆಳಗಿನ ಹಾಸಿಗೆಯಲ್ಲಿ ಮಲಗಿಸಲು ಬಗ್ಗಿದ ಯಾಮಿನಿಯ ಕಾಲು ಅಕ್ಕಿಯ ಚೀಲಕ್ಕೆ ತಾಗಿತು. ಮೂಲೆಯ ಸ್ಟೂಲಿನ ಮೇಲೆ ಕುಳಿತಿದ್ದ, ಫೋಟೋ ತೆಗೆಯುವ ಶ್ರದ್ಧಾಳ ಅತ್ತೆ ಲೋಲಾಕ್ಷಿಯಮ್ಮ, ತಮ್ಮನ್ನೇ ಯಾರೋ ತುಳಿದಂತೆ ಮೈ ಹಿಂದಕ್ಕೆ ಎಳೆದುಕೊಂಡರು.

"ಅದರಲ್ಲಿ ಅಕ್ಕಿ ಉಂಟು, ಸ್ವಲ್ಪ ನೋಡಿಕೊಳ್ಳಿ."

"ಅಯ್ಯೋ, ಗೊತ್ತಾಗ್ಲಿಲ್ಲಮ್ಮ." ಯಾಮಿನಿ ಚೀಲವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆಮೇಲೆ ಶ್ರದ್ಧಾಳ ಕಡೆ ತಿರುಗಿದಳು. "ಸ್ಟುಡಿಯೋದಲ್ಲಿ ಅಕ್ಕಿ ಯಾಕ್ರೀ? ಫೋಟೋ ತೆಗೆದು ಊಟ ಹಾಕಿ ಕಳಿಸ್ತೀರಾ?"

ಶ್ರದ್ಧಾ ನಕ್ಕಳು. ನೆರೂಲು ಬಡಾವಣೆಯ ಈ ಕೋಣೆ ಮೊನ್ನೆ ಮೊನ್ನೆಯವರೆಗೂ ಅತ್ತೆಯ ದಿನಸಿ ಅಂಗಡಿ. ಕುಚ್ಚಲಕ್ಕಿ, ಹಪ್ಪಳ, ತೆಂಗಿನೆಣ್ಣೆಗೆ ಬರುವವರು ಕಡಿಮೆಯಾದಾಗ ಸೊಸೆಯ ಆಸೆಗೆ ಜಾಗ ಬಿಟ್ಟುಕೊಟ್ಟಿದ್ದರು. ಆದರೆ ದೀಪದ ಸಾಮಾನು ಬಂದಂದಿನಿಂದ ಅವರಿಗೆ ನೆಮ್ಮದಿಯಿರಲಿಲ್ಲ. ವಯರು ಯಾರ ಕಾಲಿಗಾದರೂ ಸಿಕ್ಕಿದರೆ, ಬಲ್ಬು ಒಡೆದರೆ ಎಂದು ಕೇಳುತ್ತಲೇ ಇದ್ದರು. ಏನಾದರೂ ಒಂದು ಹೆಚ್ಚುಕಡಿಮೆಯಾದರೆ ಮತ್ತೆ ಈ ಕೋಣೆಯ ಶಟರ್ ಎತ್ತಲು ಬಿಡುವುದಿಲ್ಲ ಎಂದೂ ಹೇಳಿದ್ದರು. ಹಾಗಾಗಿ ಒಂದು ಮಾತನ್ನು ಶ್ರದ್ಧಾ ಅವರಿಗೆ ಹೇಳಿರಲಿಲ್ಲ. ಕತ್ತು ಬಗ್ಗಿಸಿ ಹಾಸಿಗೆಯ ಮೇಲೆ ಚಾಚಿಕೊಂಡಿದ್ದ ಬಿಳಿ ಬಟ್ಟೆ ಹೊದಿಸಿದ ಆ ದೊಡ್ಡ ದೀಪದ ಪೆಟ್ಟಿಗೆ ಮುಗ್ಗರಿಸದಂತೆ ತಡೆದಿದ್ದದ್ದು ಸ್ಟ್ಯಾಂಡಿನ ಹಿಂಗಾಲಿನ ಮೇಲೆ ಹೇರಿದ್ದ ಆ ಚೀಲ ಮಾತ್ರ. ಭಾರಕ್ಕೆ ಮರಳು ಸಿಗುವವರೆಗೆ ಇರಲಿ ಎಂದು ಅಂಗಡಿಯಲ್ಲಿ ಉಳಿದಿದ್ದ ಅಕ್ಕಿಯನ್ನೇ ತುಂಬಿದ್ದಳು.

ಪಕ್ಕದ ಸೀವುಡ್ಸ್‌ನಿಂದ ರಿಕ್ಷಾದಲ್ಲಿ ಬರುವಾಗ ನಿದ್ದೆಹೋಗಿದ್ದ ಸುಮುಖ ಈಗ ಕಣ್ಣರಳಿಸಿ ದೀಪವನ್ನೇ ನೋಡುತ್ತಿದ್ದ. ಇನ್ನೂ ಕತ್ತು ನಿಲ್ಲದ ಕೂಸು. ಸ್ಟುಡಿಯೋದ ಮೊದಲ ಗಿರಾಕಿ. ಶ್ರದ್ಧಾ ಚೀಲವನ್ನೊಮ್ಮೆ ನೋಡಿದಳು, ವಯರನ್ನೊಮ್ಮೆ ನೋಡಿದಳು, ಮತ್ತೆ ಚೀಲವನ್ನು ನೋಡಿದಳು. ಆಮೇಲೆ ಮಂಡಿಯೂರಿ ಕ್ಯಾಮೆರಾಕ್ಕೆ ಕಣ್ಣಿಟ್ಟಳು. ಈಗ ಅವಳಿಗೆ ಕಾಣುತ್ತಿದ್ದದ್ದು ಮಗುವಿನ ಮುಖವೊಂದೇ. ಕಪ್ಪು ಕಣ್ಣುಗಳಲ್ಲಿ ದೀಪದ ಪೆಟ್ಟಿಗೆ ಒಂದೊಂದು ಬಿಳಿ ಚೌಕವಾಗಿ ಹೊಳೆಯುತ್ತಿತ್ತು. ಬೆನ್ನ ಹಿಂದೆ ಅತ್ತೆ ಏನನ್ನೋ ಎತ್ತಿ ಏದುಸಿರು ಬಿಟ್ಟದ್ದು ಕೇಳಿಸಿತು. ಮಗುವಿಗೆ ಸೆಖೆಯಾಗುತ್ತಿದೆ ಎಂದು ಯಾಮಿನಿ ಅಂದದ್ದು, ಫ್ಯಾನ್ ಹಾಕುತ್ತೇನೆ ಎಂದು ಅತ್ತೆ ಅಂದದ್ದು ಕೂಡ ಕೇಳಿಸಿತು. ನಿಲುವು ಫ್ಯಾನ್ ಗುರುಗುಟ್ಟುತ್ತಾ ಆಚೀಚೆ ಮುಖ ತಿರುಗಿಸತೊಡಗಿತು.

ಗಾಳಿ ಶ್ರದ್ಧಾಳ ಬೆನ್ನಿಗೆ ತಾಗಿತು, ದಾಟಿ ಹೋಯಿತು. ಬಿಳಿ ಚೌಕ ಅಲುಗಿತು. ಮಗು ಕಣ್ಣು ಹೊರಳಿಸಿರಬೇಕು ಎಂದುಕೊಂಡಳು. ಕಣ್ಣು ಇದ್ದಲ್ಲೇ ಇತ್ತು. ಚೌಕ ದೊಡ್ಡದಾಗುತ್ತಿತ್ತು.

ಅವಳು ಎಗರಿ ಪೆಟ್ಟಿಗೆಯನ್ನು ಎರಡೂ ಕೈಗಳಲ್ಲಿ ತಡೆದಳು. ಗೇಣು ಕೆಳಗೆ ಮಗು ಕೈಕಾಲು ಆಡಿಸುತ್ತಿತ್ತು. ಬಲ್ಬಿನ ಬಿಸಿ ಬಟ್ಟೆಯ ಮೂಲಕ ಅಂಗೈ ಸುಡುತ್ತಿತ್ತು. ಹಿಂಗಾಲಿನ ಮೇಲೆ ಚೀಲವಿರಲಿಲ್ಲ. ಅದು ಗೋಡೆಯ ಹಲಗೆಯ ಮೇಲೆ, ಅಂಗಡಿಯ ಕಾಲದ ದೇವರ ಪಟದ ಮುಂದೆ, ನೆತ್ತಿಯಲ್ಲೊಂದು ದಾಸವಾಳ ಇಟ್ಟುಕೊಂಡು ಕುಳಿತಿತ್ತು.

ಬ್ಯಾಗಿನಲ್ಲಿ ಮಗುವಿನ ಟೊಪ್ಪಿ ಹುಡುಕುತ್ತಿದ್ದ ಯಾಮಿನಿ ತಲೆಯೆತ್ತಿದಳು. "ಏನಾಯ್ತು?"

"ಏನಿಲ್ಲ," ಎಂದಳು ಶ್ರದ್ಧಾ. "ಬೆಳಕು ಸ್ವಲ್ಪ ಹತ್ತಿರ ಬೇಕಿತ್ತು."

"ನಗ್ತಿದಾನೆ ನೋಡಿ. ಇನ್ನೊಂದ್ಸಲ ಹಾಗೇ ಹತ್ತಿರ ತರ್ತೀರಾ?"

ಶ್ರದ್ಧಾ ಪೆಟ್ಟಿಗೆಯಿಂದ ಕೈ ತೆಗೆಯಲಿಲ್ಲ. ಯಾಮಿನಿಗೆ ತಿಳಿಯದಂತೆ, ಚೀಲ ತೆಗೆದರೆ ಇದು ನಿಲ್ಲುವುದಿಲ್ಲ ಎಂದು ತುಳುವಿನಲ್ಲಿ ಅತ್ತೆಗೆ ಮೆಲ್ಲಗೆ ಹೇಳಿದಳು. ಲೋಲಾಕ್ಷಿಯಮ್ಮ ದೀಪವನ್ನು ನೋಡಿದರು. ಅದರ ಕೆಳಗಿದ್ದ ಮಗುವನ್ನು ನೋಡಿದರು. ಅವರ ಮುಖದ ಬಣ್ಣ ಇಳಿಯಿತು. ಈಗ ಶಟರಿನ ಮಾತು ಬರುತ್ತದೆ ಎಂದು ಶ್ರದ್ಧಾ ಕಾದಳು. ಅವರು ಫ್ಯಾನ್ ಆರಿಸಿದರು, ಹಲಗೆಯ ಕಡೆ ಒಂದು ಹೆಜ್ಜೆ ಇಟ್ಟು ನಿಂತರು. ಮತ್ತೆ ಹಿಂದಿರುಗಿ, ಸೀರೆ ಒತ್ತರಿಸಿ ನೆಲದ ಮೇಲೆ ಕುಳಿತು, ಸ್ಟ್ಯಾಂಡಿನ ಹಿಂಗಾಲನ್ನು ಎರಡೂ ಕೈಗಳಿಂದ ಅವುಚಿಕೊಂಡರು.

"ನನಗೆ ಮೊದಲೇ ಹೇಳಬಾರದಿತ್ತಾ?" ಎಂದರು, ತುಳುವಿನಲ್ಲೇ. ಹಿಡಿತ ಬಿಗಿ ಮಾಡಿ, "ನೀನು ಫೋಟೋ ತೆಗಿ. ನಾನು ಹಿಡಿದಿದ್ದೇನೆ."

ಯಾಮಿನಿ ಮಗುವನ್ನು ಕರೆದುಕೊಂಡು ಹೋದ ಮೇಲೆ ಶ್ರದ್ಧಾ ಫೋಟೋಗಳನ್ನು ಕಂಪ್ಯೂಟರಿಗೆ ಹಾಕಿ, ಮಗುವಿನ ಕಣ್ಣನ್ನು ದೊಡ್ಡದು ಮಾಡಿ ನೋಡಿದಳು. ಬಿಳಿ ಚೌಕದ ಕೆಳಗೆ, ಸ್ಟ್ಯಾಂಡಿನ ಕಾಲನ್ನು ಅವುಚಿಕೊಂಡು ಮುದುಡಿ ಕುಳಿತ ಪುಟ್ಟ ಕಪ್ಪು ಆಕೃತಿಯೊಂದಿತ್ತು. ಒಂದಾದ ಮೇಲೊಂದು ಫೋಟೋ ಸರಿಸುತ್ತಾ ಹೋದಳು. ಆಕೃತಿ ಕೂತಲ್ಲಿಂದ ಎದ್ದಿರಲಿಲ್ಲ. ಅದರ ಮೇಲಿನ ಚೌಕ ಮಾತ್ರ ಯಾವ ಫೋಟೋದಲ್ಲೂ ಇದ್ದ ಜಾಗದಲ್ಲಿ ಇರಲಿಲ್ಲ, ಕೊನೆಯದರವರೆಗೂ ನಡುಗುತ್ತಲೇ ಇತ್ತು.