ಎರಡರ ಪಕ್ಕದ ಗೆರೆ

“ತಾಯಿ, ಎರಡು ಲೋಟ ಚಹಾ ಎಲ್ಲಿ ಸಿಗುತ್ತಮ್ಮ?” ಎಂದು ಮುದುಕ ದರ್ಜಿ ಕಿಟಕಿಯಲ್ಲಿ ತಲೆ ತೂರಿಸಿ ಕೇಳಿದಾಗ, ಆಸ್ಪತ್ರೆಯ ವೆಬ್‌ಸೈಟ್ ನೋಡಿಕೊಳ್ಳುವ ಅಕ್ಕ ಟೈಪ್ ಮಾಡುವುದನ್ನು ನಿಲ್ಲಿಸಿ ಅವನನ್ನೇ ನೋಡಿದಳು. ಸ್ವಲ್ಪ ಹೊತ್ತಿಗೆ ಮುಂಚೆ ಇದೇ ಮನುಷ್ಯ ಎದುರಿನ ಬೆಂಚಿನ ಮೇಲೆ ಕೂತು, ಬೆಳಿಗ್ಗೆ ತೀರಿಕೊಂಡ ಹೆಂಡತಿಯನ್ನು ನೆನೆದು ಗೊಳೋ ಎಂದು ಅತ್ತಿದ್ದ. ಆಮೇಲೆ ಮೊಬೈಲಿನಲ್ಲಿ ಶವಾಗಾರ ಎಲ್ಲಿದೆಯೆಂದು ಹುಡುಕಿ, ಕಣ್ಣೊರೆಸಿಕೊಂಡು ಲಿಫ್ಟಿನ ಕಡೆ ಹೋಗಿದ್ದ.

“ಒಂದು ನನಗೆ, ಒಂದು ನಮ್ಮವಳಿಗೆ. ಎರಡನೇ ಮಹಡೀಲಿ ಕಿಟಕಿ ಹತ್ರ ಕೂತಿದಾಳೆ. ಗಂಟಲು ಒಣಗಿದೆಯಂತೆ. ಸಕ್ಕರೆ ಜಾಸ್ತಿ ಹಾಕಿಸ್ಕೊಂಡು ಬಾ ಅಂದ್ಲು. ಬದುಕಿದ್ದಾಗ ನಾನೇ ಬೇಡ ಬೇಡ ಅಂತಿದ್ದೆ, ಈಗ್ಯಾಕೆ ಬಿಡಿ!” ಎಂದು ಮುದುಕ ನಕ್ಕ.

ಎರಡನೇ ಮಹಡಿಯಲ್ಲಿ ಸುಣ್ಣಬಣ್ಣದ ಕೆಲಸ ನಡೆದಿತ್ತು, ಅಲ್ಲಿ ಒಂದು ಮಂಚವೂ ಇರಲಿಲ್ಲ. ಶವಾಗಾರ ಇರುವುದು ನೆಲದಡಿ, ಲಿಫ್ಟಿನ ಗುಂಡಿಯ ಪ್ರಕಾರ ಮೈನಸ್ ಎರಡರಲ್ಲಿ. ಅಕ್ಕನೇನೋ ‘ಶವಾಗಾರ: ಮಹಡಿ -2’ ಎಂದು ಸರಿಯಾಗಿಯೇ ಟೈಪ್ ಮಾಡುತ್ತಿದ್ದಳು. ‘ಪ್ರಕಟಿಸು’ ಒತ್ತಿದ್ದೇ ತಡ, ಎರಡರ ಪಕ್ಕದ ಗೆರೆ ಮಾಯ! ಪುಟ ಬರೆಯುವ ಆ ಹಾಳು ಎಡಿಟರ್ ತಂತ್ರಾಂಶ ಜ್ವರದ ಡಿಗ್ರಿ ಚಿಹ್ನೆಯನ್ನೂ ಹೀಗೇ ನುಂಗುತ್ತಿತ್ತು, ಶೇಕಡಾ ಚಿಹ್ನೆಯನ್ನೂ ನುಂಗುತ್ತಿತ್ತು. ತಪ್ಪಾಯಿತು ಅಂತ ಒಂದು ಸೊಲ್ಲೂ ಇಲ್ಲ, ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನ ಹಾಗೆ. ಅಕ್ಷರದಲ್ಲೇ ಬರೆದುಬಿಡೋಣವೆಂದರೆ, ಲಿಫ್ಟಿನಲ್ಲಿ ಇದ್ದ ಹಾಗೇ ಇರಬೇಕು ಎಂದು ಮೇಲಿನವರ ಹಟ.

ಮುದುಕನಿಗೆ ಕ್ಯಾಂಟೀನಿನ ದಾರಿ ತೋರಿಸಿದಳು. ದುಃಖಕ್ಕೆ ಪಾಪ ತಲೆ ಕೆಟ್ಟಿದೆ ಎಂದುಕೊಂಡಳು. ಆದರೂ ಚಹಾ ಎಂಬ ಮಾತು ಅವಳ ಮನಸ್ಸಿನಿಂದ ಹೋಗಲಿಲ್ಲ. ಐದನೇ ಮಹಡಿಯಲ್ಲಿ ಅವಳ ತಮ್ಮ ಮಲಗಿದ್ದ, ಅಮ್ಮ ಹೋದ ಮೇಲೆ ಅವಳೇ ಸೊಂಟದ ಮೇಲೆ ಹೊತ್ತು ಬೆಳೆಸಿದ ತಮ್ಮ. ಬೆಳಿಗ್ಗೆ “ಅಕ್ಕಾ, ಒಂದೇ ಒಂದು ಗುಟುಕು ಚಹಾ ಕೊಡೇ” ಎಂದು ಅಂಗಲಾಚಿದ್ದ. “ಡಾಕ್ಟರ್ ಬೈತಾರೆ ಕಣೋ, ನಾಳೆ ತರ್ತೀನಿ” ಎಂದು ಕೆಳಗಿಳಿದು ಬಂದಿದ್ದಳು.

ಆ ಸಂಕಟವೆಲ್ಲ ವೆಬ್‌ಸೈಟ್ ರಿಪೇರಿಯವನ ಮೇಲೆ ತಿರುಗಿತು. ಫೋನ್ ಮಾಡಿ, “ಇವತ್ತು ಸರಿ ಮಾಡ್ಲಿಲ್ಲ ಅಂದ್ರೆ ನಿನ್ನ ಮನೆ ಬಾಗಿಲಿಗೇ ಬಂದು ಕೂರ್ತೀನಿ ನೋಡು!” ಎಂದಳು.

“ಒಂದು ಗೆರೆಗೆ ಇಷ್ಟೊಂದು ರಂಪಾನಾ ಅಕ್ಕಾ? ಇರಿ, ಈಗ್ಲೇ ಮಾಡ್ತೀನಿ.”

ಮಾಡಿಯೇಬಿಟ್ಟ. ಈ ಸಲ ‘ಪ್ರಕಟಿಸು’ ಒತ್ತಿದಾಗ ಎರಡರ ಪಕ್ಕದಲ್ಲಿ ಗೆರೆ ನೆಟ್ಟಗೆ ಕೂತಿತ್ತು. ಬದುಕಿದೆಯಾ ಬಡಜೀವವೇ ಎಂದು ಅವಳು ಉಸಿರು ಬಿಟ್ಟಳು.

ಎರಡು ಲೋಟ ಹಿಡಿದು ಲಿಫ್ಟ್ ಹತ್ತಿದ ಮುದುಕ ಅಷ್ಟೇ ಬೇಗ ಇಳಿದು ಬಂದ. ಲೋಟಗಳು ತುಂಬಿದ್ದ ಹಾಗೇ ಇದ್ದವು. “ಅಲ್ಲಿ ಇಲ್ವಲ್ಲಮ್ಮ ಅವಳು! ಕಿಟಕಿ ಹತ್ರಾನೇ ಇರು ಅಂತ ಹೇಳಿ ಬಂದಿದ್ದೆ” ಎಂದು ಒಂದು ಲೋಟವನ್ನು ಅವಳ ಮೇಜಿನ ಮೇಲಿಟ್ಟು, ಮೊಬೈಲ್ ತೆಗೆದು ಆ ಪುಟವನ್ನು ಮತ್ತೆ ನೋಡಿದ. ಅವನ ಹೆಗಲು ಇಳಿದುಹೋಯಿತು. “ಓ… ಕೆಳಗಾ?” ಎಂದವನು ಇಟ್ಟ ಲೋಟವನ್ನು ತಿರುಗಿ ನೋಡದೆ ನಡೆದ.

ಅಷ್ಟರಲ್ಲಿ ಮೇಜಿನ ಫೋನ್ ಬಡಿದುಕೊಂಡಿತು. ಐದನೇ ಮಹಡಿಯ ನರ್ಸ್. “ಅಕ್ಕಾ, ಧೈರ್ಯ ತಂದ್ಕೊಳ್ಳಿ. ನಾವು ಎಷ್ಟು ಪ್ರಯತ್ನಪಟ್ರೂ ಉಳಿಸ್ಕೊಳ್ಳೋಕೆ ಆಗ್ಲಿಲ್ಲ. ಆಗ್ಲೇ ಕೆಳಗೆ ಕಳಿಸಿದೀವಿ.”

ಅವಳು ಅಳಲಿಲ್ಲ. ಅಳುವುದಕ್ಕೆ ಹೊತ್ತೆಲ್ಲಿತ್ತು? ಎಡಿಟರ್ ತೆರೆದು, ತಾನೇ ಹಟ ಮಾಡಿ ಉಳಿಸಿಕೊಂಡ ಗೆರೆಯನ್ನು ಅಳಿಸಿ ‘ಪ್ರಕಟಿಸು’ ಒತ್ತಿದಳು. ರಿಪೇರಿಯವನು ಎಷ್ಟು ಗಟ್ಟಿಯಾಗಿ ಕೂರಿಸಿದ್ದನೋ, ಪುಟದಲ್ಲಿ ಗೆರೆ ಹಾಗೇ ಇತ್ತು. ಮತ್ತೆ ಅಳಿಸಿದಳು, ಮತ್ತೆ ಒತ್ತಿದಳು. “ನುಂಗೋ, ನಿನ್ನ ದಮ್ಮಯ್ಯ, ಇದೊಂದು ಸಲ ನುಂಗು” ಎಂದು ಪರದೆಗೆ ಕೈಮುಗಿದಳು. ಗೆರೆ ಅಲುಗಲಿಲ್ಲ.

ಮೇಜಿನ ಮೇಲಿದ್ದ ಲೋಟವನ್ನು ಎತ್ತಿಕೊಂಡು ಓಡಿದಳು. ಲಿಫ್ಟಿನಲ್ಲಿ ಮೈನಸ್ ಎರಡನ್ನು ಮುಟ್ಟದೆ ಎರಡನ್ನು ಒತ್ತಿದಳು. ಬಾಗಿಲು ತೆರೆದರೆ ಹಸಿ ಬಣ್ಣದ ವಾಸನೆ, ಖಾಲಿ ಡಬ್ಬಗಳು, ಏಣಿಯ ಮೇಲೊಬ್ಬ ಪೇಂಟರ್. ಕಿಟಕಿಯ ಕೆಳಗೆ ನೆಲದ ಧೂಳಿನಲ್ಲಿ ತುಂಬ ಜನ ಒತ್ತೊತ್ತಾಗಿ ಕೂತು ಎದ್ದುಹೋದ ಗುರುತು ಇತ್ತು.

“ಇಲ್ಲಿ… ನನ್ನ ತಮ್ಮ…” ಎಂದಳು.

“ಹಸಿರು ಅಂಗಿ ಹುಡುಗನಾ? ಈಗ ತಾನೇ ಬಂದಿದ್ದ ಕಣಮ್ಮ. ಅಕ್ಕ ಚಹಾ ತರ್ತಾಳೆ, ಇಲ್ಲೇ ಇರ್ತೀನಿ ಅಂತ ಲಿಫ್ಟ್ ಬಾಗಿಲಲ್ಲೇ ನಿಂತಿದ್ದ. ಇಲ್ಲಪ್ಪ, ನಿಮ್ಮ ಜಾಗ ಕೆಳಗೆ ಅಂತ ಮೊಬೈಲಲ್ಲಿ ತೋರಿಸಿ ಕಳಿಸ್ದೆ.” ಪೇಂಟರ್ ಕುಂಚವನ್ನು ಡಬ್ಬದಲ್ಲಿ ಅದ್ದಿ ಗೋಡೆಯ ಕಡೆ ತಿರುಗಿದ. “ಯಾರೋ ಪುಣ್ಯಾತ್ಮರು ಇವತ್ತು ಅದನ್ನ ಸರಿ ಮಾಡಿದಾರೆ ನೋಡಿ. ಇಲ್ದಿದ್ರೆ ಪಾಪ, ಅವನೂ ದಾರಿ ತಪ್ಪಿ ಇಲ್ಲೇ ಕೂತ್ಬಿಡ್ತಿದ್ದ.”