ಲವಂಗ ಇಟ್ಟ ದವಡೆ

ಪಲಾವಿನಲ್ಲಿ ಲವಂಗ ಹಲ್ಲಿಗೆ ಸಿಕ್ಕರೆ ಈಗಲೂ ನನ್ನ ಕೈ ಎದೆಗೆ ಹೋಗುತ್ತದೆ.

ಅಮರಾಪುರದ ನಮ್ಮ ಕಣದಲ್ಲಿ ಅಜ್ಜಿಯೂ ನಾನೂ ಹುಣಸೆಮರದ ನೆರಳಿಗೆ ಕೂತು ಬಳ್ಳಿಯಿಂದ ಕಡ್ಲೆಕಾಯಿ ಬಿಡಿಸುತ್ತಿದ್ದೆವು. ಕುರಿ ಹೊಡೆದುಕೊಂಡು ಹೋಗಿದ್ದ ತಾತ ಮಧ್ಯಾಹ್ನವೇ ವಾಪಸು ಬಂದು ಕಂಬಳಿಯ ಮೇಲೆ ಕುಸಿದು ಕೂತ. ಬೆವರಿಗೆ ಅಂಗಿ ತೊಯ್ದು ಮೈಗಂಟಿತ್ತು. ಎಡದವಡೆ ಹಿಡಿದುಕೊಂಡು, "ಇಲ್ಲಿಂದ ರಟ್ಟೆವರೆಗೂ ಸೆಳೀತೈತೆ ಕಣೇ" ಎಂದ.

"ಹಾಳು ಹಲ್ಲುನೋವು. ಲವಂಗ ಇಟ್ಕೊಂಡು ಒಸಿ ಮಲಿಕ್ಕೊ" ಎಂದ ಅಜ್ಜಿ, ಬಳ್ಳಿಯಿಂದ ತಲೆಯೆತ್ತದೆ ತನ್ನ ಎಲೆಅಡಿಕೆ ಚೀಲವನ್ನು ನನ್ನ ಕಡೆ ತಳ್ಳಿದಳು.

ಲವಂಗ ಹಿಡಿದು ಹೋದೆ. ತಾತ ಬಾಯಿ ತೆರೆದ. ಓಡಿಬಂದವನ ಹಾಗೆ ಏದುಸಿರು ಬಿಡುತ್ತಿದ್ದ, ಆದರೆ ತುಟಿ ತಣ್ಣಗಿತ್ತು. ನನ್ನ ಬೆರಳು ಎಡಗಡೆಯ ಹಲ್ಲನ್ನು ಹುಡುಕಿತು. ಮೆತ್ತನೆಯ ಒಸಡಷ್ಟೇ ಸಿಕ್ಕಿತು.

"ಅಜ್ಜಿ, ಈ ಕಡೆ ತಾತಂಗೆ ಹಲ್ಲೇ ಇಲ್ಲ."

"ಹೂಂ, ಹೋದ್ವರ್ಷ ಮಡಕಶಿರದಾಗೆ ಎಲ್ಲಾ ಕೀಳಿಸಿದ್ವಲ್ಲ" ಎಂದ ಅಜ್ಜಿಯ ಕೈ ಅಲ್ಲೇ ನಿಂತಿತು.

"ಹಂಗಾದ್ರೆ ನೋಯ್ತಿರೋದು ಏನು?" ಎಂದೆ.

ಅಜ್ಜಿ ಬಳ್ಳಿ ಬಿಸಾಕಿ ಎದ್ದು ಬಂದು ತಾತನ ಎದೆಯ ಮೇಲೆ ಕೈಯಿಟ್ಟಳು. ತಾತ ನನ್ನ ಮುಂಗೈ ಹಿಡಿದುಕೊಂಡ. ಬಿಡಲೇ ಇಲ್ಲ.